ನೀರಿನ ತೊಟ್ಟಿಯ ಪ್ರೂಯಿಟ್

ನೆವಾಡದ ಮರಳುಗಾಡಿನಲ್ಲಿ ಸಾಲ್ಟ್‌ಬುಷ್ ಎಂಬ ಊರು ಹುಟ್ಟಿದ ವರ್ಷ ಅಲ್ಲಿದ್ದದ್ದು ರೈಲುಹಳಿ, ಒಂದಷ್ಟು ಡೇರೆ ಮತ್ತು ನೀರಿನ ತೊಟ್ಟಿ ಕಾಯುವ ಮುದುಕ ಪ್ರೂಯಿಟ್. ಕುಡಿಯುವ ನೀರೂ ರೈಲಿನಲ್ಲೇ ಬರಬೇಕಾದ ಊರಿನಲ್ಲಿ ಅವನು ಎಂಜಲು ಕೈಯಲ್ಲಿ ಕಾಗೆ ಓಡಿಸದ ಜಿಪುಣ. ನಲ್ಲಿ ತಿರುಗಿಸುವಾಗ ತನ್ನ ರಕ್ತವೇ ಸುರಿಯುತ್ತಿದೆಯೇನೋ ಎಂಬಂತೆ ಮುಖ ಹಿಂಡುತ್ತಿದ್ದ. ಹಳಿ ಹಾಕುವ ಡೆಕ್ಲನ್ ಬಕೆಟ್ಟು ಒಡ್ಡಿದರೆ ಸಾಕು, "ನಿನ್ನೆ ತಾನೆ ಮುಖ ತೊಳೆದ್ಯಲ್ಲೋ, ಇವತ್ತೇನು ನಿನ್ ಮದ್ವೆನಾ?" ಎಂದು ಗದರುವನು. "ಆ ಮುದುಕ ಅತ್ರೆ ಕಣ್ಣೀರ್ನೂ ಬಾಟ್ಲೀಲಿ ಹಿಡಿದಿಟ್ಕೋತಾನೆ" ಎಂದು ಡೆಕ್ಲನ್ ತುಂಬು ಬಸುರಿ ಹೆಂಡತಿ ಬ್ರಿಡಿಯನ್ನು ನಗಿಸುತ್ತಿದ್ದ. ಒಂದು ದಿನ ಬಿರುಗಾಳಿ ಎದ್ದು ಹಳಿ ಮರಳಲ್ಲಿ ಹೂತುಹೋಯಿತು, ರೈಲು ಬರಲಿಲ್ಲ, ತೊಟ್ಟಿ ಬರಿದಾಯಿತು. ಆ ಹೊತ್ತಿಗೇ ಬ್ರಿಡಿಗೆ ನೋವು ಶುರುವಾಯಿತು. "ನೀರಿಲ್ದೆ ನಾನೇನು ಮಾಡ್ಲಪ್ಪಾ?" ಎಂದು ಸೂಲಗಿತ್ತಿ ಡೇರೆಯಿಂದ ಕೂಗಿದಾಗ ಡೆಕ್ಲನ್ ಖಾಲಿ ಬಕೆಟ್ಟು ಹಿಡಿದು ತೊಟ್ಟಿಯತ್ತ ಓಡಿದ. ಆಗ ಪ್ರೂಯಿಟ್ ತನ್ನ ಗುಡಿಸಲಿನಿಂದ ತುಂಬಿದ ಪೀಪಾಯಿಯೊಂದನ್ನು ಉರುಳಿಸಿಕೊಂಡು ಬಂದ. "ಇದೆಲ್ಲಿತ್ತಜ್ಜಾ?" ಎಂದ ಡೆಕ್ಲನ್. "ನೀವ್ ತೊಳೀದೇ ಬಿಟ್ಟ ಮುಖಗಳಲ್ಲಿತ್ತು. ಹೋಗು, ಒಲೆ ಹಚ್ಚು." ಹೊತ್ತು ಇಳಿಯುವಾಗ ಮಗು ಅತ್ತಿತು, ತಾಯಿಯೂ ಕ್ಷೇಮ ಎಂದಳು ಸೂಲಗಿತ್ತಿ. ಡೆಕ್ಲನ್ ಮುದುಕನ ಕೈ ಹಿಡಿದುಕೊಂಡ. "ಹಿಂದೊಂದು ಬೀಡಲ್ಲಿ ನನ್ನವಳ ಹೆರಿಗೆಗೆ ನೀರಿರ್ಲಿಲ್ಲ ಕಣೋ. ಆಮೇಲೆ ಎಲ್ಲೇ ಹೋದ್ರೂ ಒಂದು ಪೀಪಾಯಿ ನೀರು ಯಾರನ್ನೂ ಮುಟ್ಟೋಕೆ ಬಿಡ್ಲಿಲ್ಲ" ಎಂದ ಪ್ರೂಯಿಟ್. ಒಳಗೆ ಮಗು ಇನ್ನೂ ಜೋರಾಗಿ ಕಿರುಚಿತು. ಸಮಾಧಾನ ಮಾಡಲು ಎದ್ದ ಡೆಕ್ಲನ್ನನನ್ನು ಮುದುಕ ತಡೆದು, "ಸ್ವಲ್ಪ ಅಳ್ಲಿ ಬಿಡೋ, ನನ್ನದು ಅಳಲೇ ಇಲ್ಲ" ಎಂದು ಮರಳಿನ ಮೇಲೆ ಕಾಲು ಚಾಚಿ, ನಿರಾಳವಾಗಿ ಕೇಳುತ್ತ ಕುಳಿತ.