ಬಚ್ಚಲ ಬಾಗಿಲಿನ ಚಿಲಕ

ನಾಸಿಕ್ ರೋಡಿನಲ್ಲಿ ಸರ್ಕಾರದ ದುಡ್ಡಿನಿಂದ ಗುತ್ತಿಗೆದಾರನೊಬ್ಬ ನಡೆಸುತ್ತಿದ್ದ ನಿರ್ಗತಿಕರ ವಸತಿಗೃಹಕ್ಕೆ ನಾನು ಮೇಲ್ವಿಚಾರಕ. ಒಮ್ಮೆ ಶಾಸಕರ ಸಮಿತಿ ತಪಾಸಣೆಗೆ ಬಂತು. ಅಧ್ಯಕ್ಷರು ಹಿರಿಯ ಹೆಂಗಸು. ಅಲ್ಲೇ ವಾಸವಿದ್ದ ವಿಜಾಪುರ ಕಡೆಯ ಶಾಂತವ್ವನನ್ನು, ಹೆಂಗಸರ ಬಚ್ಚಲಿಗೆ ಚಿಲಕ ಇದೆಯೇ ಎಂದು ಮರಾಠಿಯಲ್ಲಿ ಕೇಳಿದರು. ಆಕೆಗೆ ಕನ್ನಡ ಬಿಟ್ಟು ಬೇರೆ ಬಾರದು, ನಾನೇ ದುಭಾಷಿಯಾದೆ.

"ಐತ್ರಿ. ಇವತ್ತ ಮುಂಜಾನೆ ಮೊಳಿ ಬಡದ ಕೂಡಿಸ್ಯಾರ. ಇಷ್ಟ ದಿನಾ ಒಬ್ಬಾಕಿ ಒಳಗ ಹೋದ್ರ ಇನ್ನೊಬ್ಬಾಕಿ ಬಾಗಿಲಾ ಹಿಡ್ಕೊಂಡ ನಿಲ್ತಿದ್ವಿ. ಅದನ್ನೂ ಹೇಳ್ರಿ, ಸಾಹೇಬ್ರ," ಅಂದಳು.

ಗುತ್ತಿಗೆದಾರ ಪಕ್ಕದಲ್ಲೇ ನಿಂತಿದ್ದ. 'ಚಿಲಕ ಇದೆಯಂತೆ' ಎಂದು ಮುಗಿಸಿದ್ದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಶಾಂತವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಎಲ್ಲವನ್ನೂ ಹೇಳಿಬಿಟ್ಟೆ.

ಅಧ್ಯಕ್ಷರು ಬರೆದುಕೊಂಡು ನನ್ನತ್ತ ತಿರುಗಿದರು. "ಛಲೋ ಆತ್ರಿ. ನಾ ಅಕ್ಕಲಕೋಟದಾಕಿ, ನಮ್ಮ ಮನ್ಯಾಗ ಕನ್ನಡಾನ ಮಾತಾಡ್ತೀವಿ. ನೀವು ಎಷ್ಟ ಹೇಳ್ತೀರಿ ಅಂತ ನೋಡಬೇಕಾಗಿತ್ತು."

ಅಲ್ಲೇ ಮಂಚದ ಮೇಲೆ ಕುಳಿತು ನಕ್ಕೆ. ಸಮಿತಿಯವರು ಹೋಗುವಾಗ ನನ್ನ ಹೆಸರು ಕೇಳಿ ಬರೆದುಕೊಂಡಿದ್ದರು; ಆಮೇಲೆ ನನ್ನನ್ನು ಕೆಲಸದಿಂದ ತೆಗೆಯುವ ಧೈರ್ಯ ಗುತ್ತಿಗೆದಾರನಿಗೂ ಬರಲಿಲ್ಲ.

ಅಂದಿನಿಂದ ಎಲ್ಲಿ ಹೋದರೂ, ಎದುರಿನವರಿಗೆ ಕನ್ನಡ ಬರುತ್ತದೆ ಎಂದುಕೊಂಡೇ ಬಾಯಿ ತೆರೆಯುತ್ತೇನೆ. ಆರೋಗ್ಯಕ್ಕೂ ಒಳ್ಳೆಯದು.