ಬಾಲ ಕರಗುವ ದಿನಗಳು

ನಿಮ್ಮಜ್ಜ ಹೋದ ಮೇಲೆ ನಾನು ಚಿಂಚವಾಡದಿಂದ ಲೋಕಲ್ ರೈಲು ಹಿಡಿದು ಪುಣೆಯ ಒಂದು ಪ್ರಯೋಗಾಲಯಕ್ಕೆ ಕೆಲಸಕ್ಕೆ ಹೋಗತೊಡಗಿದೆ. ಅಲ್ಲೇನು ಮಾಡುತ್ತೀ ಎಂದು ನೀವು ಕೇಳಿದಾಗ "ಗಾಜು ತೊಳೀತೀನಿ" ಎಂದಷ್ಟೇ ಹೇಳುತ್ತಿದ್ದೆ. ಎದುರಿಗೆ ಕೂತು ಮಾತಾಡಲು ನನಗೆ ಆಗದು. ಅದಕ್ಕೇ ಬರೆಯುತ್ತಿದ್ದೇನೆ.

ಗೊದಮೊಟ್ಟೆಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಘಟ್ಟದ ಮೇಲಿನ ಕಲ್ಲುಬಯಲಿನ ಹೊಂಡವೊಂದರಿಂದ ಒಂದೇ ಗೊಂಚಲು ಮೊಟ್ಟೆ ತಂದಿದ್ದರು. ಆ ಜಾತಿಯ ಕಪ್ಪೆ ಬೇರೆಲ್ಲೂ ಸಿಕ್ಕಿಲ್ಲವಂತೆ. ನಳದ ನೀರನ್ನು ಒಂದು ದಿನ ಬಕೆಟ್ಟಿನಲ್ಲಿಟ್ಟು, ಔಷಧದ ವಾಸನೆ ಹೋದ ಮೇಲೆ ತೊಟ್ಟಿಗೆ ಹಾಕುತ್ತಿದ್ದೆ. ಬೇಯಿಸಿದ ಪಾಲಕ್ ಹಿಚುಕಿ ಕೊಡುತ್ತಿದ್ದೆ. ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಸೊಲ್ಲಾಪುರದ ಹುಡುಗಿ ನನ್ನನ್ನು ಚಿಕ್ಕಮ್ಮನಂತೆ ಮಾವಶಿ ಎಂದು ಕರೆದು ದಿನಾ ಚೇಷ್ಟೆ ಮಾಡುತ್ತಿದ್ದಳು.

"ಮಾವಶಿ, ನಿಮ್ಮ ಮೊಮ್ಮಕ್ಕಳಿಗೆ ಕಾಲು ಬಂದ್ವೇನ್ರಿ?"

"ಇನ್ನಾ ಇಲ್ಲವ್ವಾ. ಬರೇ ತಿಂತಾವು, ಮಲಗತಾವು."

"ಥೇಟ್ ನನ್ನಂಗ!"

ಆಮೇಲೆ ಅವು ತಿನ್ನುವುದನ್ನೂ ಬಿಟ್ಟವು. ಪುಣೆಯ ನೀರು ಒಗ್ಗಿಲ್ಲ ಎಂದು ಹುಡುಗಿಗೆ ಅನಿಸಿತು. "ನಾ ಹಾಸ್ಟೆಲ್‌ಗೆ ಬಂದಾಗ ಹೊಟ್ಟಿ ಕೆಟ್ಟು ಕೂತಿತ್ರಿ. ನಮ್ಮವ್ವ ಕ್ಯಾನಿನಾಗ ಮನಿ ನೀರು ಕಳಿಸಿದ್ಲು, ಅದನ್ನ ಕುಡದ ಮ್ಯಾಲೇ ಆರಾಮಾತು" ಎಂದು, ತಾನೇ ಘಟ್ಟಕ್ಕೆ ಹೋಗಿ ಆ ಹೊಂಡದ ನೀರನ್ನು ಕ್ಯಾನಿನಲ್ಲಿ ತಂದು ಸುರಿದಳು. ಮರಿಗಳು ಮತ್ತೆ ತಿನ್ನತೊಡಗಿದವು.

ಕೆಲವು ದಿನಗಳಲ್ಲಿ ಅವುಗಳ ಬಾಯಲ್ಲಿ ಬೂಸರು ಕಂಡಿತು. ಮೇಡಂ ಸೂಕ್ಷ್ಮದರ್ಶಕದಲ್ಲಿ ನೋಡಿ, ಕಪ್ಪೆಗಳನ್ನು ಕೊಲ್ಲುವ ಬೂಸರು ಇದು ಎಂದರು. ಅವರು ಮೈಸೂರಿನ ಕಡೆಯವರು, ಆ ಕೋಣೆಗೆಲ್ಲ ಹಿರಿಯರು. ಬೂಸರು ಆ ನೀರಿನಿಂದ ಬಂತೋ, ಮೊದಲೇ ಇತ್ತೋ, ಇಂದಿಗೂ ತಿಳಿಯದು. ಹುಡುಗಿ ಮಾತ್ರ ಅತ್ತು ಅತ್ತು ಕಣ್ಣು ಊದಿಸಿಕೊಂಡಳು.

"ಬದುಕ್ತಾವೇನ್ರಿ?" ಎಂದು ಮೇಡಂ ಅವರನ್ನು ಹೇಗೋ ಕೇಳಿದೆ.

ಅವರು ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ಪರದೆಯ ಮೇಲೆ ಒಂದು ಪ್ರೋಟೀನಿನ ಚಿತ್ರ ತಿರುಗುತ್ತಿತ್ತು. ಕೆಳಗೆ ಚಪ್ಪಟೆ ಪಟ್ಟಿಗಳ ಹಾಸು, ಮೇಲೆ ಎರಡು ಬದಿಗೆ ಸುರುಳಿಗಳು, ನಡುವೆ ಉದ್ದನೆಯ ಸಂದು.

"ಅಮ್ಮ, ರೋಗದ ಒಂದು ಚೂರನ್ನ ಈ ಸಂದಿನಲ್ಲಿ ಹಿಡಿದು ಹೊರಗೆ ತೋರಿಸುತ್ತೆ ಇದು. ಕಾವಲಿನ ಜೀವಕೋಶಗಳು ಅದನ್ನ ನೋಡಿದ್ರೇನೇ ಹೋರಾಡೋದು. ಕಪ್ಪೆಗೂ ನಮಗೂ ನಂಟು ಕಡಿದು ಕೋಟಿಗಟ್ಟಲೆ ವರ್ಷ ಆಯ್ತು. ಆದ್ರೂ ಇದರ ಆಕಾರ ಇಬ್ಬರಲ್ಲೂ ಹೀಗೇ ಇದೆ. ಬದಲಾಗೋದು ಸಂದಿನೊಳಗಿನ ಗುಂಡಿಗಳು. ಒಬ್ಬರದು ಒಂದು ರೋಗದ ಚೂರು ಹಿಡಿದ್ರೆ ಇನ್ನೊಬ್ಬರದು ಹಿಡಿಯಲ್ಲ."

"ಇವುಗಳದು?"

"ಗೊತ್ತಿಲ್ಲ. ಎಲ್ಲಾ ಒಂದೇ ಗೊಂಚಲಿನವು. ಹೆಚ್ಚು ಬಗೆ ಇರಲ್ಲ. ಮರಿಯಲ್ಲಿ ಬೂಸರು ಬಾಯಲ್ಲಷ್ಟೇ ಇರುತ್ತೆ. ಕಾಲು ಬಂದು ಬಾಲ ಕರಗುವಾಗ ಚರ್ಮಕ್ಕೆ ಇಳಿಯುತ್ತೆ. ಕಪ್ಪೆಯ ಮೈ ಕಾವಲನ್ನ ಹೊಸದಾಗಿ ಕಟ್ಟಿಕೊಳ್ಳೋದೂ ಆಗಲೇ, ಅದಕ್ಕೆ ಆಗ ಬಲ ಕಡಿಮೆ."

ಅಷ್ಟರಲ್ಲಿ ಹಿಂಗಾಲುಗಳು ಮೂಡತೊಡಗಿದ್ದವು. ಕಾಲು ಬರಲಿ ಎಂದು ಕಾದಿದ್ದ ನಾನೇ ಈಗ ಬಾರದಿರಲಿ ಎನ್ನುತ್ತಿದ್ದೆ. ಮರಿಗಳನ್ನು ಬೂಸರಿನ ಔಷಧದ ನೀರಿನಲ್ಲಿ ಅದ್ದಿದೆವು, ತೊಟ್ಟಿಗಳನ್ನು ಬೇರೆ ಮಾಡಿದೆವು. ಮುಂಗಾಲು ಹೊರಬಂದು ಬಾಲ ಸಣ್ಣದಾಗುತ್ತಿದ್ದಂತೆ ಮರಿಗಳು ಕಲ್ಲೇರಿ ಕೂತವು. ಕಪ್ಪೆಯಂತೆಯೇ ಗಂಟಲು ಮಿಡಿಯುತ್ತಿತ್ತು. ಮರುದಿನ ಬೆಳಿಗ್ಗೆ ಹೋದರೆ ಕೆಲವು ಕಾಲು ಚಾಚಿಕೊಂಡು ಸತ್ತಿದ್ದವು. ಅದರ ಮರುದಿನ ಇನ್ನಷ್ಟು.

ಬೇರೆ ಗೊಂಚಲು ಸಿಕ್ಕರೆ ಎಂದು ಹುಡುಗಿ ಮತ್ತೆ ಘಟ್ಟಕ್ಕೆ ಓಡಿದಳು. ಸಂಜೆ ಬರಿಗೈಯಲ್ಲಿ ಬಂದಳು. "ಹೊಂಡಾನ ಇಲ್ರಿ ಮಾವಶಿ. ಮುರುಮ್ ಮಣ್ಣು ಹಾಕಿ ಮುಚ್ಯಾರ. ರಸ್ತೆ ಆಗತದಂತ."

ಕಡೆಯ ಮರಿಗೆ ಬಾಲ ಪೂರ್ತಿ ಕರಗಿತ್ತು. ಸಣ್ಣ ನೊಣಗಳನ್ನು ಎದುರಿಗೆ ಬಿಟ್ಟೆ. ನೋಡಿತು, ಬಾಯಿ ತೆರೆಯಲಿಲ್ಲ. ಮಧ್ಯಾಹ್ನ ಅದೂ ಹೋಯಿತು.

ಮೇಡಂ ಸತ್ತವುಗಳಿಂದ ಆ ಪ್ರೋಟೀನಿನ ಗುಂಡಿಗಳ ವಿವರ ತೆಗೆದರು. ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ತರಹ. "ಈ ಬೂಸರಿನ ಚೂರು ಹಿಡಿಯೋ ಗುಂಡಿ ಯಾವುದರಲ್ಲೂ ಇದ್ದಂತಿಲ್ಲ ಅಮ್ಮ" ಎಂದರು. ಅದು ಗೊತ್ತಾಗಿ ಯಾರಿಗೆ ಏನಾಗಬೇಕಿತ್ತೋ! ಆ ಗುಂಡಿಗಳ ಚಿತ್ರ ಅವರ ಕಂಪ್ಯೂಟರಿನಲ್ಲಿದೆ. ಕಪ್ಪೆ ಎಲ್ಲಿಯೂ ಇಲ್ಲ.

ತೊಟ್ಟಿಗಳನ್ನು ಬ್ಲೀಚಿಂಗ್ ಪುಡಿಯಲ್ಲಿ ತೊಳೆದು ಬೋರಲು ಹಾಕಿದೆ. ಹುಡುಗಿ ಪಿಎಚ್‌ಡಿ ಬಿಟ್ಟು ಸೊಲ್ಲಾಪುರಕ್ಕೆ ಹೋದಳು. ನನ್ನನ್ನು ಮೇಲಿನ ಮಹಡಿಗೆ ಹಾಕಿದ್ದಾರೆ. ಈಗ ನಿಜಕ್ಕೂ ಗಾಜು ತೊಳೆಯುತ್ತೇನೆ.