ಹಿಂದೆ ಇಲ್ಲದ ಟ್ರೇಲರ್

೧೯೯೪ರಲ್ಲಿ, ಎಂಟನೆಯ ತರಗತಿಯ ನಡುವೆ, ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಕಬ್ಬಿನ ಟ್ರ್ಯಾಕ್ಟರಿನ ಸ್ಟೇರಿಂಗ್ ಹಿಡಿದ ಮೇಲೆ ಪೆನ್ನು ಹಿಡಿಯಲು ಮನಸ್ಸಾಗಲಿಲ್ಲ. ಅಂದಿನಿಂದ ಬೀಳಗಿ, ಲೋಕಾಪುರ, ಮುಧೋಳ ಕಡೆಯ ಯಾವ ಸಕ್ಕರೆ ಕಾರ್ಖಾನೆಗಾದರೂ ಸರಿ, ಎರಡು ಟ್ರೇಲರ್ ಜೋಡಿಸಿಕೊಂಡು ಕಬ್ಬು ಮುಟ್ಟಿಸಿದ್ದೇನೆ. ಒಮ್ಮೆಯೂ ಪಲ್ಟಿ ಹೊಡೆಸಿಲ್ಲ. ಇದನ್ನು ನಾನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ.

ನನ್ನ ಹೆಂಡತಿ ಬನಹಟ್ಟಿಯವಳು, ಮಗ್ಗದ ಮನೆಯ ಮಗಳು. ಸೀರೆಯ ಗಂಟು ಕಟ್ಟಿಕೊಂಡು ಸ್ಕೂಟಿಯಲ್ಲಿ ಜಮಖಂಡಿಯ ಓಣಿ ಓಣಿ ತಿರುಗಿ ಮಾರಿಬರುತ್ತಾಳೆ. ಕಾರು ಕಲಿಸಿರೆಂದು ಮೂರು ವರ್ಷದಿಂದ ಕೇಳುತ್ತಿದ್ದಳು. ಕಬ್ಬಿನ ಸೀಜನ್ ಮುಗಿಯಲಿ ಎನ್ನುತ್ತಿದ್ದೆ. ಸೀಜನ್ ಮುಗಿಯುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಮನೆಯ ಮುಂದೆ ನಿಂತ ನಮ್ಮ ಕಾರಿನಲ್ಲಿ ಕುಳಿತು ಅವಳು ಸುಮ್ಮನೆ ಗೇರು ಹಾಕಿ ತೆಗೆಯುತ್ತಿದ್ದುದನ್ನು ಎರಡು ಸಲ ಕಿಟಕಿಯಿಂದ ಕಂಡಿದ್ದೆ. ಕಾಣದವನಂತೆ ಹಿಂದೆ ಸರಿದೆ.

ಹೋದ ವರ್ಷ ಜಮಖಂಡಿಯ ಹೊರಗಿನ ಹೊಸ ಲೇಔಟಿಗೆ ಯಾರೋ ಬೇರೆ ಊರಿನವರು, ಟಿಕೆಟ್ ಕೊಂಡವರಿಗೆ ಓಡಿಸಲು ಕೊಡುತ್ತೇವೆಂದು, ಒಂದು ರೇಸ್ ಕಾರು ತಂದರು. ಡಾಂಬರು ಬಿದ್ದು ಮನೆಗಳು ಏಳದ ಲೇಔಟು, ತಿರುವುಗಳಲ್ಲಿ ಹಳೆಯ ಟಯರುಗಳ ಗುಡ್ಡೆ. ಗಂಡ ಹೆಂಡತಿಗೆ ಜೋಡಿ ಟಿಕೆಟ್: ಮೊದಲು ಒಬ್ಬರು ಓಡಿಸಬೇಕು, ಇನ್ನೊಬ್ಬರು ಪಕ್ಕದಲ್ಲಿ ಕೂರಬೇಕು, ಆಮೇಲೆ ಅದಲುಬದಲು. ಗಾಡಿ ಬಾರದವರಿಗೂ ಕಲಿಸಿ ಕೊಡುತ್ತಾರೆ ಎಂದು ಕೇಳಿ ಅವಳೇ ಟಿಕೆಟ್ ತಂದಳು. ಆ ದಿನ ಜಡೆಯನ್ನು ಹೆಲ್ಮೆಟ್ಟಿನೊಳಗೆ ಹಿಡಿಯುವಂತೆ ಬಿಗಿಯಾಗಿ ಸುತ್ತಿಕೊಂಡು, ನನಗಿಂತ ಮೊದಲು ತಯಾರಾಗಿ ನಿಂತಿದ್ದಳು.

ಅಲ್ಲಿ ಒಂದು ಹಾಳೆ ಕೊಟ್ಟರು. ಅವಳು ಪೂರ್ತಿ ಓದಿದಳು.

"ಇದರಾಗ ಏನೇನೋ ಬರದಾರ, ಓದ್ತೀನಿ ಕೇಳ್ರಿ."

"ಮೂವತ್ತ ವರ್ಷ ಗಾಡಿ ಹೊಡದಾಂವಗ ಏನ ಓದಿ ಹೇಳ್ತಿ? ಸಹಿ ಎಲ್ಲಿ, ಅದನ್ನ ತೋರಸು."

ತೋರಿಸಿದಳು. ಹಾಕಿದೆ.

ಬಾಡಗಂಡಿ ಕಡೆಯ ನನ್ನ ಗೆಳೆಯ, ಅವನೂ ಕಬ್ಬಿನ ಟ್ರ್ಯಾಕ್ಟರಿನವನೇ, ನೋಡಲು ಬಂದಿದ್ದ. ಹಗ್ಗದಾಚೆ ನಿಂತು, "ಲೇ, ಕಬ್ಬು ಹೇರಿದಂಗ ಹೋಗಬ್ಯಾಡ, ಹೊತ್ತ ಮುಳಗತೈತಿ" ಎಂದ. ನಾಲ್ಕು ಜನ ನಕ್ಕರು. ನಾನೂ ನಕ್ಕೆ, ಆದರೆ ತೋರಿಸಿಯೇಬಿಡುತ್ತೇನೆ ಎಂದುಕೊಂಡೆ.

ಮೊದಲ ಪಾಳಿ ನನ್ನದು, ಅವಳು ಪಕ್ಕದಲ್ಲಿ ಕೂತಳು. ಕಾರು ಕಾಲು ತಾಕಿಸಿದರೆ ಹಾರುತ್ತಿತ್ತು. ಎರಡು ತಿರುವು ಸರಿಹೋದವು. ಮೂರನೆಯದು ಎಡಕ್ಕೆ. ಅಷ್ಟು ವೇಗದಲ್ಲಿ ತಲೆ ಕೆಲಸ ಮಾಡಲಿಲ್ಲ, ಕೈ ತನ್ನ ರೂಢಿಯಂತೆ ನಡೆದುಕೊಂಡಿತು. ಎರಡು ಟ್ರೇಲರ್ ಎಳೆಯುವವನು ಎಡಕ್ಕೆ ತಿರುಗುವ ಮೊದಲು ಬಲಕ್ಕೆ ಅಗಲವಾಗಿ ಹೋಗಿ, ತುಸು ತಡಮಾಡಿ ತಿರುಗಿಸಬೇಕು. ಇಲ್ಲದಿದ್ದರೆ ಹಿಂದಿನ ಟ್ರೇಲರಿನ ಗಾಲಿ ಗಟಾರಕ್ಕೆ ಇಳಿಯುತ್ತದೆ. ನಾನು ಬಲಕ್ಕೆ ಹೋದೆ, ತಡಮಾಡಿದೆ. ಹಿಂದೆ ಯಾವ ಟ್ರೇಲರೂ ಇರಲಿಲ್ಲ. ಕಾರು ಟಯರಿನ ಗುಡ್ಡೆಗೆ ನುಗ್ಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಅವಳು ತುಟಿ ಬಿಚ್ಚಿರಲಿಲ್ಲ. ಎರಡೂ ಕೈ ತನ್ನ ತೊಡೆಯ ಮೇಲಿದ್ದವು.

ಗೆಳೆಯ ಓಡಿ ಬಂದ. "ಏನಾತಲೇ? ಅತ್ತಾಗ ಯಾಕ ಹೋದಿ? ಅಲ್ಲೇನ ಕಾರ್ಖಾನಿ ಗೇಟ್ ಐತೇನು?"

"ಇಕಿ ಚೀರಿ ಕೈ ಹಿಡದ್ಳು" ಎಂದೆ. "ನಾ ಏನ ಮಾಡ್ಲಿ?"

ಯೋಚಿಸಿ ಹೇಳಿದ ಮಾತಲ್ಲ. ಆದರೆ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಹೇಳಿದ ಮೇಲೆ ನನಗೇ ಅದು ನಿಜವೆನಿಸಿತು.

"ವೈನಿ, ನಿಮಗ ಸ್ಕೂಟಿನ ಛಲೋ ನೋಡ್ರಿ" ಎಂದ ಗೆಳೆಯ.

ಅಷ್ಟರಲ್ಲಿ ಬಂದು ನಿಂತಿದ್ದ, ಅಲ್ಲಿ ಕಾರು ಕಲಿಸುವ ಹುಡುಗನ ಮುಖ ಬದಲಾಯಿತು. "ಬಾಜು ಕುಂತವ್ರು ಕೈ ಹಿಡದ್ರ ಅವರ ಪಾಳಿ ರದ್ದ್ರಿ. ಹಾಳ್ಯಾಗ ಬರದೈತಿ, ಇಬ್ಬರೂ ಸಹಿ ಮಾಡೀರಿ. ಖರೆನ ಹಿಡದ್ರೇನ್ರಿ, ಅಕ್ಕಾರ?"

ಆಗ ತಿಳಿಯಿತು ನನಗೆ, ಆ ಹಾಳೆಯಲ್ಲಿ ಏನಿತ್ತೆಂದು. ಅವಳಿಗೆ ಮೊದಲೇ ಗೊತ್ತಿತ್ತು. ನನ್ನ ಮುಖ ನೋಡಿದಳು. ‘ಇಲ್ಲ, ತಪ್ಪು ನನ್ನದು’ ಎಂದು ನಾನು ಹೇಳಲು ಬೇಕಾದಷ್ಟು ಹೊತ್ತು ನೋಡಿದಳು. ನಾನು ಬಗ್ಗಿ ಕಾರಿನ ಬಂಪರ್ ನೋಡುತ್ತಿದ್ದೆ.

"ಹೌದ್ರಿ, ಅಂಜಿಕಿ ಬಂತು" ಎಂದಳು. ಹೆಲ್ಮೆಟ್ ತೆಗೆದು ಹುಡುಗನ ಕೈಗೆ ಕೊಟ್ಟಳು. ಅಷ್ಟು ಬಿಗಿದ ಜಡೆ ಅಲುಗಿಯೂ ಇರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ನಾನೇ ಕಾರು ಓಡಿಸಿದೆ. ಊರು ಹತ್ತಿರ ಬಂದಾಗ ಅವಳು ಕಿಟಕಿಯ ಕಡೆ ಮುಖ ಮಾಡಿಯೇ ಕೇಳಿದಳು:

"ಹಿಂದ ಟ್ರೇಲರ್ ಅದಾವ ಅಂತ ತಿರುವಿದ್ರಿ, ಹೌದಲ್ರಿ?"

ಮೂವತ್ತು ವರ್ಷದ ನನ್ನ ಕೆಲಸವನ್ನು ಇಷ್ಟು ಸರಿಯಾಗಿ ಬೇರೆ ಯಾರೂ ತಿಳಿದುಕೊಂಡಿಲ್ಲ. "ಚಾ ಕುಡೀತಿ ಏನು?" ಎಂದೆ.

"ಬ್ಯಾಡ್ರಿ."

ಕಾರ್ಖಾನೆಯ ಮುಂದೆ ತೂಕದ ಸರದಿಗೆ ನಿಂತಾಗ ಗೆಳೆಯ ಈಗಲೂ ಆ ಕಥೆ ಹೇಳುತ್ತಾನೆ, ಅವಳು ಚೀರಿದ್ದನ್ನು ಚೀರಿಯೇ ತೋರಿಸುತ್ತಾನೆ. ಎಲ್ಲರೂ ನಗುತ್ತಾರೆ. ಇಂದಿಗೂ ನಾನು ಅವನ ಬಾಯಿ ಮುಚ್ಚಿಸಿಲ್ಲ. ದುಡಿದು ತಿಂದವನು, ಯಾರಿಗೂ ತಲೆ ತಗ್ಗಿಸಿಲ್ಲ ಎನ್ನುತ್ತಿದ್ದ ನಾನು ಆ ಹೊತ್ತಿನಲ್ಲಿ ತಲೆ ಎತ್ತುವುದಿಲ್ಲ.

ಈ ಸೀಜನ್ ಮುಗಿದ ದಿನ, ಕಾರಿನ ಎರಡನೆಯ ಚಾವಿಯನ್ನು ಟ್ರಂಕಿನಿಂದ ತೆಗೆದು ಅವಳ ಬಾಚಣಿಕೆಯ ಪಕ್ಕ ಇಟ್ಟೆ. "ನಾಳಿಂದ ಕಲಸ್ತೀನಿ" ಎಂದೆ. ಅವಳು ದಿನಾ ಬಾಚಣಿಕೆ ತೆಗೆದುಕೊಳ್ಳುತ್ತಾಳೆ, ಚಾವಿ ಇಟ್ಟಲ್ಲೇ ಇದೆ.

ಈಗ ನನ್ನಲ್ಲಿರುವುದು ಇಷ್ಟು: ಎರಡು ಟ್ರ್ಯಾಕ್ಟರ್, ನಾಲ್ಕು ಟ್ರೇಲರ್, ಒಂದು ಕಾರು, ಅದಕ್ಕೆ ಎರಡು ಚಾವಿ.